ನೀರಲ್ಲೇ ಇದ್ದು ಬಾಡುವ ಗಿಡ

ಕೇಳುಗರೇ, ನಮಸ್ಕಾರ.

ಮಣ್ಣಿಲ್ಲದೆ ಬರೀ ನೀರಲ್ಲಿ ಗಿಡ ಬೆಳೆಸುವವರು ಒಂದಲ್ಲ ಒಂದು ದಿನ ಈ ವಿಚಿತ್ರ ನೋಡೇ ನೋಡುತ್ತಾರೆ. ತೊಟ್ಟಿ ತುಂಬ ನೀರಿದೆ, ಬೇರು ಅದರಲ್ಲೇ ಮುಳುಗಿದೆ. ಆದರೂ ಮಧ್ಯಾಹ್ನದ ಹೊತ್ತಿಗೆ ಎಲೆ ಜೋತು ಬೀಳುತ್ತದೆ. ಗೊಬ್ಬರ ಸಾಲದೇನೋ ಅಂತ ಇನ್ನಷ್ಟು ಪೋಷಕ ದ್ರಾವಣ ಸುರಿದರೆ ಗಿಡ ಮತ್ತೂ ಸೊರಗುತ್ತದೆ.

ಅಲ್ಲಿ ಸಾಲದೆ ಹೋಗಿರುವುದು ಗಾಳಿ. ಬೇರೂ ಉಸಿರಾಡುತ್ತದೆ ಅಲ್ವಾ? ಆಮ್ಲಜನಕ ಸಿಗದ ಬೇರಿಗೆ ನೀರು ಎಳೆದುಕೊಳ್ಳುವ ತ್ರಾಣವೇ ಇರುವುದಿಲ್ಲ. ಮಣ್ಣಿನ ಸಂದಿಗಳಲ್ಲಿ ಗಾಳಿ ತಾನಾಗೇ ಸೇರಿಕೊಂಡಿರುತ್ತದೆ. ತೊಟ್ಟಿಯಲ್ಲಿ ಅದನ್ನು ನಾವು ಒದಗಿಸಬೇಕು. ಮೀನಿನ ತೊಟ್ಟಿಗೆ ಹಾಕುವಂಥ ಏರ್ ಪಂಪು, ಅದರ ತುದಿಗೆ ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆಗಳಾಗಿ ಬಿಡುವ ಒಂದು ಏರ್ ಸ್ಟೋನ್, ಸಣ್ಣ ತೊಟ್ಟಿಗೆ ಇಷ್ಟು ಸಾಕು. ಕರೆಂಟು ಉಳಿಸೋಣ ಅಂತ ರಾತ್ರಿ ಪಂಪು ನಿಲ್ಲಿಸಬೇಡಿ. ಬೇರಿಗೆ ಹಗಲು ರಾತ್ರಿ ಎಂಬ ಭೇದವಿಲ್ಲ.

ನೀರು ಬಿಸಿಯಾದರಂತೂ ಕಷ್ಟ ಜಾಸ್ತಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ 9 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಅದೇ ಬಿಸಿಗೆ ಬೇರಿನ ಉಸಿರಾಟ ಮಾತ್ರ ಏರುತ್ತದೆ. ಹಾಗಾಗಿ ನೀರು 18ರಿಂದ 22 ಡಿಗ್ರಿಯೊಳಗೆ ಇದ್ದರೆ ನೆಮ್ಮದಿ. ತೊಟ್ಟಿಗೆ ಬಿಸಿಲು ತಾಗದಿರಲಿ, ಒಳಗೆ ಬೆಳಕೂ ನುಸುಳದಿರಲಿ. ಬೆಳಕು ಬಿದ್ದಲ್ಲಿ ಪಾಚಿ ಬಂತೆಂದೇ ಲೆಕ್ಕ.

ಹೀಗೆ ಸೋತ ಬೇರಿಗಾಗಿ ಕಾಯುತ್ತಿರುವುದು ಪಿಥಿಯಮ್ ಎಂಬ ಸೂಕ್ಷ್ಮಜೀವಿ. ಶಿಲೀಂಧ್ರದ ಹಾಗೆ ಕಂಡರೂ ಅದು ಶಿಲೀಂಧ್ರವಲ್ಲ. ಅದರ ಬೀಜಕಣಗಳು ನೀರಲ್ಲಿ ಈಜುತ್ತವೆ. ಒಂದೇ ತೊಟ್ಟಿಯ ನೀರು ಕುಡಿಯುವ ಗಿಡಗಳಿಗೆಲ್ಲ ರೋಗ ಹಬ್ಬುವುದು ಹೀಗೆ.

ಆಗಾಗ ಮುಚ್ಚಳ ಎತ್ತಿ ಬೇರು ನೋಡಿ. ಕಂದು ಬಣ್ಣ ಕಂಡ ಕೂಡಲೇ ಗಾಬರಿ ಬೇಡ, ಕೆಲವು ದ್ರಾವಣಗಳು ಸುಮ್ನೆ ಬಣ್ಣ ಹಿಡಿಸಿರುತ್ತವೆ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿ. ಗಟ್ಟಿಯಿದ್ದರೆ ಚಿಂತೆಯಿಲ್ಲ. ಹೊರಗಿನ ಸಿಪ್ಪೆ ಲೋಳೆಲೋಳೆಯಾಗಿ ಕೈಗೆ ಕಿತ್ತು ಬಂದು, ಒಳಗಿನ ಸಣ್ಣ ನಾರು ಮಾತ್ರ ಉಳಿದರೆ ಅದು ಕೊಳೆತ ಬೇರು. ಕೆಟ್ಟ ವಾಸನೆಯೂ ಬರುತ್ತದೆ.

ಪೂರ್ತಿ ಕೊಳೆತ ಗಿಡವನ್ನು ಉಳಿಸಲು ಹೆಣಗುವುದು ದಂಡ, ತೆಗೆದುಬಿಡಿ. ಉಳಿದವುಗಳ ಕೊಳೆತ ಬೇರು ಕತ್ತರಿಸಿ, ನೀರೆಲ್ಲ ಚೆಲ್ಲಿ, ತೊಟ್ಟಿ, ಪೈಪು, ಏರ್ ಸ್ಟೋನ್ ಉಜ್ಜಿ ತೊಳೆದು, ಹೊಸ ದ್ರಾವಣ ತುಂಬಿ. ಅದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5.5ರಿಂದ 6.5ರ ನಡುವೆ ಇರಲಿ. ಕೆಲವರು ಸೂಕ್ಷ್ಮಜೀವಿಗಳನ್ನು ಕೊಲ್ಲುವ ಹೈಡ್ರೋಜನ್ ಪೆರಾಕ್ಸೈಡ್ ಹಾಕುತ್ತಾರೆ, ಕೆಲವರು ಒಳ್ಳೆಯ ಬ್ಯಾಕ್ಟೀರಿಯಾ ಬಿಡುತ್ತಾರೆ. ಎರಡನ್ನೂ ಒಟ್ಟಿಗೆ ಮಾಡಬೇಡಿ. ಮೊದಲನೆಯದು ಎರಡನೆಯದನ್ನು ಕೊಂದುಹಾಕುತ್ತದೆ.

ಪಂಪಿಲ್ಲದೆ, ನಿಂತ ನೀರಲ್ಲೇ ಸೊಪ್ಪು ಬೆಳೆಸುವವರೂ ಇದ್ದಾರೆ. ಅಲ್ಲಿ ನೀರು ಇಳಿದಂತೆಲ್ಲ ಮೇಲಿನ ಬೇರು ಗಾಳಿಯಲ್ಲೇ ಬೆಳೆದು, ಗಾಳಿಗೇ ಒಗ್ಗಿಕೊಳ್ಳುತ್ತದೆ. ಅಯ್ಯೋ ನೀರು ಕಡಿಮೆಯಾಯಿತಲ್ಲ ಅಂತ ಕಂಠಪೂರ್ತಿ ತುಂಬಿದರೆ ಆ ಬೇರಿಗೆ ಉಸಿರು ಕಟ್ಟುತ್ತದೆ. ಸೇರಿಸಲೇಬೇಕಾದರೆ ಒಂದಿಷ್ಟೇ ಸೇರಿಸಿ, ಮೇಲಿನ ಬೇರು ನೀರಿನಿಂದ ಹೊರಗೇ ಇರಲಿ.

ನಮಸ್ಕಾರ.