ಟೆನ್ಶನ್ ಇಲ್ಲದ ಕಸುಬು ಯಾವುದು?

ಕೇಳುಗರೆಲ್ಲರಿಗೂ ನಮಸ್ಕಾರ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ, ಕಸುಬು ಕಲಿಸುವ ಐಟಿಐಗೆ ಮಕ್ಕಳನ್ನು ಕರೆದುಕೊಂಡು ಬರುವವರು ಎರಡು ಪ್ರಶ್ನೆ ಕೇಳುತ್ತಾರೆ. ಯಾವ ಟ್ರೇಡಿಗೆ ಬೇಗ ಕೆಲಸ ಸಿಗುತ್ತದೆ? ಸಂಬಳ ಎಷ್ಟು? ಈಗೀಗ ಹುಡುಗರು ಇನ್ನೊಂದನ್ನು ಕೇಳುತ್ತಿದ್ದಾರೆ. "ಸಾರ್, ಟೆನ್ಶನ್ ಇಲ್ಲದ್ದು ಯಾವುದು?" ಸೋಮಾರಿ ಅಂದುಕೊಂಡಾರು ಅಂತ ಮೆಲ್ಲಗೆ ಕೇಳುತ್ತಾರೆ. ಹೊಟ್ಟೆಪಾಡಿಗೆ ಜೀವಮಾನವಿಡೀ ಮಾಡುವ ಕೆಲಸ. ಗಟ್ಟಿಯಾಗಿಯೇ ಕೇಳಬಹುದು.

ಆದರೆ ಟ್ರೇಡಿನ ಹೆಸರು ಹೇಳಿದರೆ ಉತ್ತರ ಸಿಗುವುದಿಲ್ಲ. ಆ ಕೆಲಸದವರಿಗೆ ಫೋನ್ ಯಾವಾಗ ಬರುತ್ತದೆ, ಯಾಕೆ ಬರುತ್ತದೆ ನೋಡಿ. ಕೆಟ್ಟಾಗ ಕರೆಯುವ ಕೆಲಸ ಬೇರೆ, ಕಟ್ಟುವಾಗ ಕರೆಯುವ ಕೆಲಸ ಬೇರೆ.

ಚಿತ್ರದುರ್ಗ, ಕೋಲಾರದ ಕಡೆಯ ಮೋಟರ್ ರೀವೈಂಡಿಂಗ್ ಅಂಗಡಿಗಳನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್‌ಗಳು ಸಾಲಾಗಿ ಬರುತ್ತವೆ. ವೋಲ್ಟೇಜ್ ಕಡಿಮೆ ಇರುತ್ತದೆ, ಇಲ್ಲವೇ ಮೂರರಲ್ಲಿ ಒಂದು ಫೇಸ್ ಹೋದದ್ದು ಗೊತ್ತಾಗದೆ ಮೋಟರ್ ಓಡುತ್ತಲೇ ಇರುತ್ತದೆ. ಒಳಗೆ ಸುತ್ತಿದ ತಂತಿ, ಅಂದರೆ ವೈಂಡಿಂಗ್, ಸುಟ್ಟುಹೋಗುತ್ತದೆ. ಸುಟ್ಟ ತಂತಿ ಬಿಚ್ಚಬೇಕು, ಸುತ್ತು ಎಣಿಸಬೇಕು, ತಂತಿಯ ದಪ್ಪ (ಗೇಜ್) ಅಳೆಯಬೇಕು, ಒಂದೊಂದೇ ಕಾಯಿಲನ್ನು ಸ್ಲಾಟಿಗೆ ಇಳಿಸಬೇಕು. ತಂತಿಯ ಮೇಲಿನ ಹೊದಿಕೆ ಎಲ್ಲಾದರೂ ತರಚಿದರೆ ಮತ್ತೆ ಶಾರ್ಟ್. ಅವಸರ ಸಲ್ಲದ ಕೆಲಸ. ಎದುರಿನ ಬೆಂಚಿನ ಮೇಲೆ ಕೂತ ರೈತನಿಗೋ, ಟೊಮೆಟೊ ಬಾಡುತ್ತಿದೆ. ಅವರ ಕಷ್ಟ ನಿಜ, ನಿಮ್ಮ ಕೈ ಇಷ್ಟೇ ವೇಗದಲ್ಲಿ ಓಡೀತು ಅನ್ನುವುದೂ ಅಷ್ಟೇ ನಿಜ. ದುಡಿಮೆ ಚೆನ್ನಾಗಿದೆ, ಆದರೆ ಮಾರ್ಚಿಯಿಂದ ಮೇ ತನಕ ನಿದ್ದೆ ಕಡಿಮೆ. ಎಸಿ ರಿಪೇರಿಯವರದೂ ಹೆಚ್ಚುಕಡಿಮೆ ಇದೇ ಪಾಡು.

ಅದೇ ಎಲೆಕ್ಟ್ರಿಷಿಯನ್ ಸರ್ಟಿಫಿಕೇಟ್ ಇಟ್ಟುಕೊಂಡು ಹೊಸ ಮನೆಗಳ ವೈರಿಂಗ್ ಹಿಡಿದವರನ್ನು ನೋಡಿ. ಇವತ್ತು ಪೈಪು, ಗಾರೆ ಆದ ಮೇಲೆ ವೈರ್ ಎಳೆಯುವುದು, ಕೊನೆಗೆ ಬೋರ್ಡು. ನಾಳೆಯ ಕೆಲಸ ಇವತ್ತೇ ಗೊತ್ತು. ಇಲ್ಲಿ ಟೆನ್ಶನ್ ಬರುವುದು ದುಡ್ಡಿನಿಂದ. ಗೃಹಪ್ರವೇಶ ಮುಗಿದ ಮೇಲೆ ಕೊನೆಯ ಕಂತು ಕೊಡಲು ಎಷ್ಟೋ ಮಾಲೀಕರಿಗೆ ಪುರುಸೊತ್ತೇ ಇರುವುದಿಲ್ಲ! ಪೈಪಿಗೆ ಇಷ್ಟು, ವೈರಿಗೆ ಇಷ್ಟು ಅಂತ ಮೊದಲೇ ಮಾತಾಡಿ, ಆಯಾ ಹಂತಕ್ಕೆ ವಸೂಲಿ ಮಾಡಿಕೊಳ್ಳುವವರು ಆರಾಮಾಗಿರುತ್ತಾರೆ.

ಪ್ಲಂಬರ್‌ಗಳ ತಲೆನೋವು ಗೋಡೆಯೊಳಗೆ ಇರುತ್ತದೆ. ಟೈಲ್ಸ್ ಹಾಕಿದ ಮೇಲೆ ಜಾಯಿಂಟ್ ಸೋರಿದರೆ ಟೈಲ್ಸ್ ಒಡೆಯಬೇಕು, ಜಗಳ ಬೇರೆ. ಅದಕ್ಕೇ ಬಲ್ಲವರು ಪೈಪಿನ ಬಾಯಿಗಳನ್ನೆಲ್ಲ ಮುಚ್ಚಿ, ಕೈಪಂಪಿನಿಂದ ನೀರಿನ ಒತ್ತಡ ಏರಿಸಿ, ಒತ್ತಡ ತೋರಿಸುವ ಗೇಜಿನ ಮುಳ್ಳು ಇಳಿಯುತ್ತದೆಯೇ ನೋಡುತ್ತಾರೆ. ಮುಳ್ಳು ನಿಂತಲ್ಲೇ ನಿಂತಿದ್ದರೆ ಗಾರೆಗೆ ಬಿಡುತ್ತಾರೆ. ಪೈಪು ಹೋದ ದಾರಿಯನ್ನು ಮೊಬೈಲಲ್ಲಿ ಫೋಟೊ ತೆಗೆದೂ ಇಟ್ಟುಕೊಳ್ಳುತ್ತಾರೆ. ಈ ಅಭ್ಯಾಸ ಇರುವವರಿಗೆ ರಾತ್ರಿ ಫೋನ್ ಬರುವುದು ಅಪರೂಪ.

ಟೆನ್ಶನ್ ಇಲ್ಲ ಅಂದರೆ ಮೈಗೆ ಶ್ರಮ ಇಲ್ಲ ಅಂತಲ್ಲ. ವೆಲ್ಡಿಂಗ್ ಹುಡುಗರು "ಒಂದೇ ಟ್ಯಾಕ್ ಅಲ್ವಾ" ಅಂತ, ಅಂದರೆ ಒಂದು ಚುಕ್ಕಿ ಬೆಸುಗೆ ತಾನೇ ಅಂತ, ಕಣ್ಣಿಗೆ ಶೀಲ್ಡ್ ಹಿಡಿಯದೆ ಬೆಸುಗೆಯ ಕಿಡಿ (ಆರ್ಕ್) ಹೊಡೆಯುತ್ತಾರೆ. ಆಗ ಏನೂ ಅನ್ನಿಸುವುದಿಲ್ಲ. ರಾತ್ರಿ ಮಲಗಿದಾಗ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ. ಸೊಂಟ, ಮಂಡಿ, ಕಣ್ಣು ಲೆಕ್ಕಕ್ಕಿಲ್ಲದೆ ನೆಮ್ಮದಿಯ ಮಾತಾಡುವುದು ಸುಮ್ನೆ.

ನನ್ನನ್ನು ಕೇಳಿದರೆ, ತೀರಾ ಸಮಾಧಾನದ ಕೆಲಸ ಸಿಗುವುದು ಮೆಷಿನ್ ಕೆಡುವ ಮೊದಲೇ ನೋಡಿಕೊಳ್ಳುವ ಕಡೆ. ಕಾರ್ಖಾನೆಯಲ್ಲಿ ಹಗಲು ಪಾಳಿಯ (ಜನರಲ್ ಶಿಫ್ಟಿನ) ಮೇಂಟೆನೆನ್ಸ್ ಫಿಟ್ಟರ್ ಅಂಥವರು. ಗ್ರೀಸ್ ಹಾಕುವುದು, ಬೆಲ್ಟ್ ಬಿಗಿ ನೋಡುವುದು, ಬೇರಿಂಗ್ ಸದ್ದು ಕೇಳುವುದು. ಮಾಲೀಕರು ಆ ಕೆಲಸಕ್ಕೆ ಬೆಲೆ ಕೊಡುವ ಕಡೆ ಮಾತ್ರ ಇದು ಸರಿ. ಎಲ್ಲ ಕಡೆ ಕೊಡುವುದಿಲ್ಲ.

ಕೊಡುತ್ತಾರೋ ಇಲ್ಲವೋ ತಿಳಿಯಲು ಅಪ್ರೆಂಟಿಸ್‌ಶಿಪ್, ಅಂದರೆ ಕಾರ್ಖಾನೆಯಲ್ಲೇ ಇದ್ದು ಕೆಲಸ ಕಲಿಯುವುದು, ಒಳ್ಳೆಯ ದಾರಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಆಗ ತಿಂಗಳ ಭತ್ಯೆ (ಸ್ಟೈಪೆಂಡ್) ಕೂಡ ಸಿಗುತ್ತದೆ. ಒಳಗಿದ್ದು ಹಳಬರನ್ನು ಕೇಳಿ: ಭಾನುವಾರ ಕರೆಯುತ್ತಾರಾ? ಓವರ್‌ಟೈಮ್ ದುಡ್ಡು ಸರಿಯಾಗಿ ಬರುತ್ತಾ? ಫಿಟ್ಟರ್, ಎಲೆಕ್ಟ್ರಿಷಿಯನ್‌ನಂಥ 2 ವರ್ಷದ ಟ್ರೇಡ್ ಮುಗಿಸಿದವರು ಅಲ್ಲಿ ಮನಸ್ಸು ಕೂರದಿದ್ದರೆ ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೂ ಸೇರಬಹುದು. ಅರ್ಜಿ ಹಾಕುವ ಮೊದಲು ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ, ವರ್ಕ್‌ಶಾಪ್ ಒಳಗೆ ಒಂದು ಗಂಟೆ ನಿಂತು ನೋಡಿ ಬನ್ನಿ.

ನಮಸ್ಕಾರ.