ಎರಡು ಟಿಕೆಟ್, ಮಧ್ಯೆ ನಾವು

ಕೇಳುಗರಿಗೆ ನಮಸ್ಕಾರ.

ಒಂದು ಸಲ ನಾನು ವಿಮಾನ ನಿಲ್ದಾಣದಲ್ಲಿ ಲಗೇಜ್ ಬೆಲ್ಟಿನ ಮುಂದೆ ನಿಂತಿದ್ದೆ. ಯಾರ್ಯಾರದೋ ಪೆಟ್ಟಿಗೆ ಬರುತ್ತಿತ್ತು, ನನ್ನದು ಮಾತ್ರ ಇಲ್ಲ. ಮುಂದಿನ ವಿಮಾನಕ್ಕೆ ಒಂದೂವರೆ ಗಂಟೆ ಇತ್ತು. ಬೇಕಾದಷ್ಟಾಯ್ತು ಅಲ್ವಾ ಅನ್ನಿಸುತ್ತದೆ. ಆದರೆ ಆ ವಿಮಾನದ ಚೆಕ್-ಇನ್ ಕೌಂಟರ್ ಮುಚ್ಚೋದು ಹೊರಡೋ ಒಂದು ಗಂಟೆ ಮುಂಚೆ, ಅಂದ್ರೆ ನನ್ನ ಕೈಲಿದ್ದದ್ದು ಬರೀ ಅರ್ಧ ಗಂಟೆ. ಕೊನೆಗೂ ಪೆಟ್ಟಿಗೆ ಬಂತು, ಎಳೆದುಕೊಂಡು ಕಸ್ಟಮ್ಸ್ ದಾಟಿ, ಮೇಲಿನ ಮಹಡಿಗೆ ಓಡಿ, ಏದುಸಿರು ಬಿಡುತ್ತಾ ಕೌಂಟರ್ ಮುಂದೆ ನಿಂತೆ. ಮುಚ್ಚಿ ಆರು ನಿಮಿಷ ಆಗಿತ್ತು. "ನಾನು ಬಂದ ವಿಮಾನ ಲೇಟಾಯ್ತು" ಅಂದೆ. ಅಲ್ಲಿದ್ದ ಹೆಣ್ಣುಮಗಳು ಕಂಪ್ಯೂಟರ್ ನೋಡಿ, "ನೀವು ಇನ್ನೊಂದು ವಿಮಾನದಲ್ಲಿ ಬಂದಿರಿ ಅನ್ನೋದೇ ಇಲ್ಲಿ ಇಲ್ಲವಲ್ಲ" ಅಂದರು. ಸಿಡುಕಿ ಹೇಳಲಿಲ್ಲ. ಇದ್ದದ್ದನ್ನೇ ಹೇಳಿದರು.

ಇವತ್ತಿನ ಮಾತೆಲ್ಲ ಆ ಒಂದು ವಾಕ್ಯದ ಸುತ್ತಲೇ. ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದರೆ, ಅಂದ್ರೆ ಒಂದೇ ಪಿಎನ್‌ಆರ್, ಆ ಆರು ಅಕ್ಷರದ ಬುಕಿಂಗ್ ನಂಬರ್, ಅದರಡಿ ಎರಡೂ ವಿಮಾನ ಇದ್ದರೆ, ನಿಮ್ಮನ್ನು ಕೊನೆಯ ಊರು ಮುಟ್ಟಿಸೋದು ವಿಮಾನ ಕಂಪನಿಯ ತಲೆನೋವು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಅವರೇ ಇನ್ನೊಂದರಲ್ಲಿ ಕೂರಿಸುತ್ತಾರೆ. ಬೇರೆ ಬೇರೆ ಟಿಕೆಟ್ ತಗೊಂಡರೆ ಆ ತಲೆನೋವು ನಮ್ಮದು. ಮೊದಲ ಕಂಪನಿಯ ಲೆಕ್ಕದಲ್ಲಿ ನಮ್ಮ ಪ್ರಯಾಣ ನಡುವಿನ ಊರಲ್ಲೇ ಮುಗಿಯಿತು. ಎರಡನೆಯ ಕಂಪನಿಯ ಲೆಕ್ಕದಲ್ಲಿ ನಾವು ಅದೇ ಊರಿನವರು, ಮನೆಯಿಂದ ಆರಾಮಾಗಿ ಹೊರಟು ಬರಬೇಕಿತ್ತು, ಬರಲಿಲ್ಲ. ಅದಕ್ಕೆ ಅವರು ಹಾಕೋ ಗುರುತು ನೋ-ಶೋ. ಎರಡನೆಯದು ಹೋಗಿ ಬರೋ ಟಿಕೆಟ್ ಆಗಿದ್ದರೆ, ಹೋಗೋ ವಿಮಾನ ಹತ್ತದವರ ವಾಪಸ್ ಸೀಟನ್ನೂ ಸಾಮಾನ್ಯವಾಗಿ ರದ್ದು ಮಾಡಿಬಿಡುತ್ತಾರೆ. ಇದು ಬಹಳ ಜನಕ್ಕೆ ಗೊತ್ತೇ ಇರೋದಿಲ್ಲ.

ಹಾಗಾದರೆ ಯಾಕೆ ಹೀಗೆ ತಗೋತೀವಿ? ದುಡ್ಡು ಉಳಿಯುತ್ತದೆ, ಅದಕ್ಕೆ. ನಾನು ಈಗಲೂ ತಗೋತೀನಿ. ಬೇಡ ಅಂತ ಹೇಳೋಕೆ ಬಂದಿಲ್ಲ.

ಆದರೆ ಲಗೇಜಿನ ವಿಷಯ ಸ್ವಲ್ಪ ನಿಧಾನವಾಗಿ ಕೇಳಿ. ಪೆಟ್ಟಿಗೆಗೆ ಕಟ್ಟೋ ಉದ್ದನೆಯ ಚೀಟಿ ಇರುತ್ತದಲ್ಲ, ಅದರ ಮೇಲೆ ದಪ್ಪಗೆ ಮೂರು ಅಕ್ಷರ ಇರುತ್ತದೆ. ಪೆಟ್ಟಿಗೆ ಎಲ್ಲಿ ಇಳಿಯುತ್ತದೆ ಅನ್ನೋದು ಅದು. ಎರಡು ಟಿಕೆಟ್ ಇದ್ದಾಗ ಅಲ್ಲಿ ಬರೋದು ಹೆಚ್ಚಾಗಿ ನಡುವಿನ ಊರು. ಎರಡೂ ಕಂಪನಿಗಳ ನಡುವೆ ಲಗೇಜ್ ಒಪ್ಪಂದ ಇದ್ದರೆ, ಎರಡೂ ಟಿಕೆಟ್ ತೋರಿಸಿ ಕೇಳಿಕೊಂಡರೆ, ಕೊನೆಯ ಊರಿಗೇ ಚೀಟಿ ಹಾಕಿಕೊಟ್ಟರೂ ಕೊಡಬಹುದು. ಕೊಡಲೇಬೇಕು ಅಂತೇನಿಲ್ಲ. ಒಪ್ಪಂದ ಇದ್ದೂ ಟಿಕೆಟ್ ಬೇರೆ ಅಂತ ಒಲ್ಲೆ ಅನ್ನೋ ಕಂಪನಿಗಳಿವೆ. ಕಡಿಮೆ ದರದ ಕಂಪನಿಗಳಲ್ಲಿ ಅಂತೂ ಆ ಮಾತೇ ಬೇಡ.

ಈಗ ನೋಡಿ ಫಜೀತಿ. ಪೆಟ್ಟಿಗೆ ಬೆಲ್ಟಿಗೆ ಬರುತ್ತದೆ. ಬೆಲ್ಟ್ ಇರೋದು ಇಮಿಗ್ರೇಷನ್ ಆಚೆ. ಇಮಿಗ್ರೇಷನ್ ದಾಟಬೇಕು ಅಂದ್ರೆ ಆ ದೇಶದೊಳಗೆ ಕಾಲಿಟ್ಟ ಹಾಗೆ, ಅದಕ್ಕೆ ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕಿದ್ದರೆ ವೀಸಾ ಬೇಕೇ ಬೇಕು. ಒಂದೇ ಟಿಕೆಟ್ ಆಗಿದ್ದರೆ ಎಷ್ಟೋ ಕಡೆ ಒಳಗೊಳಗೇ ಗೇಟು ಬದಲಾಯಿಸಿ ಹೋಗಿಬಿಡುತ್ತಿದ್ದೆವು. ಬ್ರಿಟನ್‌ನಲ್ಲಿ ಗಡಿ ದಾಟದೆ ಒಳಗೇ ವಿಮಾನ ಬದಲಾಯಿಸೋರಿಗೆ ಒಂದು ಬಗೆಯ ಟ್ರಾನ್ಸಿಟ್ ವೀಸಾ, ದಾಟಿ ಹೊರಗೆ ಬರೋರಿಗೆ ಇನ್ನೊಂದು ಬಗೆ. ಅಮೆರಿಕದಲ್ಲಿ ಒಂದೇ ಟಿಕೆಟ್ ಇದ್ದರೂ ಇಮಿಗ್ರೇಷನ್ ತಪ್ಪದು, ಸುಮ್ನೆ ವಿಮಾನ ಬದಲಾಯಿಸೋಕೂ ವೀಸಾನೋ ಮುಂಗಡ ಅನುಮತಿನೋ ಬೇಕು.

ವೀಸಾ ಇಲ್ಲ ಅಂದ್ರೆ ಪ್ರಯಾಣ ನಡುವೆ ಅಲ್ಲ, ಹೊರಡೋ ಕೌಂಟರಿನಲ್ಲೇ ಮುಗಿಯಬಹುದು. ಅಲ್ಲಿನ ಸಿಬ್ಬಂದಿ ಟಿಮ್ಯಾಟಿಕ್ ಅನ್ನೋದರಲ್ಲಿ ಯಾವ ಪಾಸ್‌ಪೋರ್ಟಿಗೆ ಯಾವ ದೇಶದಲ್ಲಿ ಏನು ಬೇಕು ಅಂತ ನೋಡುತ್ತಾರೆ. ಅವರ ಟಿಕೆಟ್ ಪ್ರಕಾರ ನೀವು ಹೋಗ್ತಿರೋದೇ ಆ ನಡುವಿನ ದೇಶಕ್ಕೆ. ಸರಿಯಾದ ಕಾಗದ ಇಲ್ಲದವರನ್ನು ಕರೆದುಕೊಂಡು ಹೋದರೆ ಕಂಪನಿಗೇ ದಂಡ ಬೀಳುತ್ತದೆ, ಹಾಗಾಗಿ ಕೈಮುಗಿದರೂ ಹತ್ತಿಸಲ್ಲ.

ಇದಕ್ಕೆಲ್ಲ ನನಗೆ ಗೊತ್ತಿರೋ ಒಳ್ಳೇ ಮದ್ದು ಅಂದ್ರೆ ಬರೀ ಕೈಚೀಲ. ಬೆಲ್ಟಿಲ್ಲ, ಕೌಂಟರಿಲ್ಲ, ಬೋರ್ಡಿಂಗ್ ಪಾಸ್ ಮೊದಲೇ ಫೋನಿನಲ್ಲಿ. ಆದರೂ ಕೆಲವು ಕಂಪನಿಗಳು ಪಾಸ್‌ಪೋರ್ಟ್ ಕಣ್ಣಾರೆ ನೋಡದೆ ಪಾಸ್ ಕೊಡೋದಿಲ್ಲ, ಅದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕೈಚೀಲದ ತೂಕದ ಮಿತಿಯೂ ಒಬ್ಬೊಬ್ಬರದು ಒಂದೊಂದು. ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ತೂಗಬೇಕು.

ಇನ್ನೊಂದು, ಊರು ಒಂದೇ ಅಂತ ನಿಲ್ದಾಣವೂ ಒಂದೇ ಅಂದುಕೊಳ್ಳಬೇಡಿ. ಟೋಕಿಯೋ ಅಂತ ಬರೆದಿರುತ್ತಾರೆ, ಇಳಿಯೋದು ನರಿಟಾದಲ್ಲಿ, ಹತ್ತೋದು ಹನೇಡಾದಲ್ಲಿ. ಲಂಡನ್ನಿನಲ್ಲಿ ಹೀಥ್ರೂ ಬೇರೆ, ಗ್ಯಾಟ್ವಿಕ್ ಬೇರೆ, ಪ್ಯಾರಿಸ್ಸಿನಲ್ಲೂ ಶಾರ್ಲ್ ದ ಗಾಲ್ ಒಂದು ಕಡೆ, ಓರ್ಲಿ ಇನ್ನೊಂದು ಕಡೆ. ಮಧ್ಯರಾತ್ರಿ ದಾಟಿ ಹೊರಡೋ ವಿಮಾನದ ತಾರೀಖನ್ನೂ ಎರಡು ಸಲ ನೋಡಿ.

ಎಷ್ಟು ಹೊತ್ತು ಬಿಡಬೇಕು? ಪ್ರತಿ ನಿಲ್ದಾಣಕ್ಕೂ ಕನಿಷ್ಠ ಕನೆಕ್ಷನ್ ಸಮಯ ಅಂತ ಒಂದಿರುತ್ತದೆ, ಅದು ಒಂದೇ ಟಿಕೆಟಿನವರಿಗೆ ಹಾಕಿದ ಲೆಕ್ಕ, ನಮ್ಮ ಉಪಯೋಗಕ್ಕೆ ಬರೋದಿಲ್ಲ. ಪೆಟ್ಟಿಗೆ ಇದ್ದರೆ ನಾನು ಐದಾರು ಗಂಟೆಗಿಂತ ಕಡಿಮೆ ಇಡೋದಿಲ್ಲ. ಎರಡನೆಯದು ಆ ದಿನದ ಕೊನೆಯ ವಿಮಾನವಾಗಿದ್ದರೆ, ಇಲ್ಲಾ ತಪ್ಪಿಸಿಕೊಳ್ಳಲೇಬಾರದ ಕೆಲಸ ಇದ್ದರೆ, ಒಂದು ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ಹೊರಡ್ತೀನಿ. ಬುಕ್ ಮಾಡಿ ತಿಂಗಳಾದ ಮೇಲೆ ಒಂದು ಕಂಪನಿ ಸುಮ್ನೆ ಸಮಯ ಬದಲಾಯಿಸಿದ್ದೂ ಉಂಟು, ಆಗ ಇನ್ನೊಬ್ಬರು "ನಮಗೇನು ಸಂಬಂಧ" ಅಂತಾರೆ.

ಪರಿಹಾರದ ಕಥೆಯೂ ಅಷ್ಟೇ. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮದಲ್ಲಿ, ಕಂಪನಿಯ ತಪ್ಪಿನಿಂದ ಕೊನೆಯ ಊರನ್ನು 3 ಗಂಟೆಯೋ ಜಾಸ್ತಿಯೋ ತಡವಾಗಿ ಮುಟ್ಟಿದರೆ ದೂರ ನೋಡಿ 250ರಿಂದ 600 ಯೂರೋ ಕೊಡಬೇಕು ಅಂತಿದೆ. ಆದರೆ ಕೊನೆಯ ಊರು ಅನ್ನೋದು ಆ ಬುಕಿಂಗಿನ ಕೊನೆಯ ಊರು. ನನ್ನ ಮೊದಲ ವಿಮಾನ ತಡವಾಗಿದ್ದದ್ದು ಐವತ್ತು ನಿಮಿಷ. ಐವತ್ತು ನಿಮಿಷಕ್ಕೆ ಯಾರೂ ಏನೂ ಕೊಡೋದಿಲ್ಲ. ನಾನು ಮನೆಯವರ ಮುಖ ನೋಡಿದ್ದು ಮಾತ್ರ ಒಂದು ದಿನ ತಡವಾಗಿ, ಹೊಸ ಟಿಕೆಟ್ ಕೊಂಡು. ಉಳಿತಾಯ ಮಾಡಿದ್ದರ ಮೂರರಷ್ಟು ಖರ್ಚಾಗಿತ್ತು.

ಆವತ್ತಿನಿಂದ ಒಂದು ಅಭ್ಯಾಸ ಆಗಿದೆ. ಪೆಟ್ಟಿಗೆ ಒಳಗೆ ಸರಿದುಹೋಗೋ ಮುಂಚೆ ಕೌಂಟರಿಗೆ ಬಗ್ಗಿ, ಚೀಟಿಯ ಮೇಲಿನ ಆ ಮೂರು ಅಕ್ಷರ ಗಟ್ಟಿಯಾಗಿ ಓದ್ತೀನಿ. ಹಿಂದೆ ನಿಂತವರು ನಗುತ್ತಾರೆ.

ನಮಸ್ಕಾರ.