ಮಡಿಕೇರಿ ಬಾಲ್ಕನಿಯಲ್ಲಿ ತರಕಾರಿ: ಮಳೆ ಮುಗಿದ ಮೇಲೆ ಶುರು

ತುಲಾ ಸಂಕ್ರಮಣ ಮುಗೀತು. ತಲಕಾವೇರಿಗೆ ಹೋಗಿ ಬಂದವರು ತಂದ ತೀರ್ಥ ನಮ್ಮನೆ ದೇವರ ಕೋಣೆಗೂ ಬಂತು. ಅಂದ್ರೆ ಮಡಿಕೇರಿಯಲ್ಲಿ ಬಾಲ್ಕನಿ ತೋಟ ಶುರು ಮಾಡೋಕೆ ಟೈಮ್ ಬಂತು ಅಂತ ಲೆಕ್ಕ.

ಎಲ್ಲಿ ಹುಡುಕಿದ್ರೂ ಹೇಳೋದು ಒಂದೇ, ಜೂನಲ್ಲಿ ಮುಂಗಾರು ಬಂದ ಕೂಡ್ಲೇ ಬೀಜ ಹಾಕಿ ಅಂತ. ಮೈಸೂರಿಗೆ ಸರಿ, ಬೆಂಗಳೂರಿಗೂ ಸರಿ. ನಮ್ಮೂರಲ್ಲಿ ಜೂನಲ್ಲಿ ಹುಟ್ಟಿದ ಟೊಮೆಟೊ ಸಸಿಗೆ ಸೂರ್ಯ ಅಂದ್ರೆ ಯಾರು ಅಂತಾನೇ ಗೊತ್ತಿರಲ್ಲ. ಬಟ್ಟೆ ಒಣಗಿಸೋಕೇ ಒಲೆ ಹತ್ರ ಜಾಗ ಹುಡುಕೋ ಕಾಲ ಅದು. ಹಾಗಾಗಿ ನಮ್ಮ ತೋಟದ ವರ್ಷ ಅಕ್ಟೋಬರಲ್ಲಿ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತೆ.

ಈಗ ವಿಡಿಯೋದಲ್ಲಿ ಕಾಣ್ತಿರೋದು ನಮ್ಮ ಬಾಲ್ಕನಿ. ಬಾಡಿಗೆ ಮನೆ, ಮೊದಲ ಮಹಡಿ. ಅಗಲ ನಾಲ್ಕಡಿ, ಉದ್ದ ಒಂಬತ್ತಡಿ, ಮುಖ ದಕ್ಷಿಣಕ್ಕೆ. ಮೇಲೆ ಸ್ಲ್ಯಾಬ್ ಇದೆ. ಈ ಸ್ಲ್ಯಾಬ್ ನೋಡಿ ಎಷ್ಟೋ ಜನ "ಇಲ್ಲಿಗೆ ಬಿಸಿಲು ಎಲ್ಲಿ ಬರುತ್ತೆ?" ಅಂತಾರೆ. ಬರುತ್ತೆ, ಆದ್ರೆ ವರ್ಷಪೂರ್ತಿ ಬರಲ್ಲ. ಡಿಸೆಂಬರಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಬಿಸಿಲು ಸ್ಲ್ಯಾಬ್ ಕೆಳಗಿಂದ ನುಗ್ಗಿ ಗೋಡೆ ತನಕ ಬರುತ್ತೆ. ಏಪ್ರಿಲ್ ಕೊನೆ ಹೊತ್ತಿಗೆ ನಮ್ಮ ನೆತ್ತಿ ಮೇಲೆ ಬರ್ತಾನೆ, ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಉತ್ತರಕ್ಕೆ. ಆಗ ದಕ್ಷಿಣದ ಬಾಲ್ಕನಿಗೆ ಮಧ್ಯಾಹ್ನದ ನೇರ ಬಿಸಿಲೇ ಇಲ್ಲ. ಹೇಗಿದ್ರೂ ಆಗ ಮೋಡ, ಮಂಜು, ಮಳೆ. ಹಾಗಾಗಿ ನಷ್ಟ ಏನೂ ಇಲ್ಲ. ನಿಮ್ಮ ಬಾಲ್ಕನಿ ಪಶ್ಚಿಮಕ್ಕಿದ್ರೆ ಮಾತ್ರ ಕಷ್ಟ, ಮಳೆಗಾಳಿ ನೇರ ಮುಖಕ್ಕೇ ಹೊಡೆಯುತ್ತೆ.

ಇನ್ನು ಮಣ್ಣು. ಕಾಫಿ ನರ್ಸರಿ ಮಾಡಿದವರ ಮನೇಲಿ ಒಂದು ಹಳೇ ಲೆಕ್ಕ ಇರುತ್ತೆ: ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಕಾಫಿ ಸಸಿಗೆ ಇದು ಚಿನ್ನ. ಆದ್ರೆ ಬಾಲ್ಕನಿಗೆ ಭಾರ. ಹನ್ನೆರಡು ಇಂಚು ಅಗಲ, ಹನ್ನೆರಡು ಇಂಚು ಎತ್ತರದ ಗ್ರೋ ಬ್ಯಾಗಲ್ಲಿ, ಅಂದ್ರೆ ಗಿಡ ಬೆಳೆಸೋ ಚೀಲದಲ್ಲಿ, 22 ಲೀಟರ್ ಹಿಡಿಯುತ್ತೆ. ಅದಕ್ಕೆ ಬರೀ ಮಣ್ಣು ತುಂಬಿ ನೀರು ಹಾಕಿದ್ರೆ 30 ಕೆಜಿ ದಾಟುತ್ತೆ. ಅಂಥ ಹತ್ತು ಬ್ಯಾಗ್ ಇಟ್ರೆ ಓನರ್ ಅಂಕಲ್ ಮುಖ ನೋಡೋಕಾಗಲ್ಲ. ಅದಕ್ಕೇ ನಾನು ಮಣ್ಣು ಕಾಲು ಭಾಗಕ್ಕೆ ಇಳಿಸಿ, ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಇನ್ನು ಕಾಲು ಭಾಗ ಚೆನ್ನಾಗಿ ಕಳಿತ ಗೊಬ್ಬರ ಹಾಕ್ತೀನಿ. ಐದು ಕೆಜಿ ಕೋಕೋಪೀಟ್ ಇಟ್ಟಿಗೆ ನೆನೆದ್ರೆ ಸುಮಾರು 70 ಲೀಟರ್ ಆಗುತ್ತೆ. ಅದರಲ್ಲಿ ಉಪ್ಪಿನಂಶ ಇರುತ್ತೆ, ಎರಡು ನೀರಲ್ಲಿ ತೊಳೆದು ಹಿಂಡಿ ಬಳಸಿ.

ನಮ್ಮ ಕಡೆ ಕೆಂಪು ಮಣ್ಣಲ್ಲಿ ಹುಳಿ ಜಾಸ್ತಿ. ತೋಟಕ್ಕೆ ಸುಣ್ಣ ಹಾಕೋದು ಅದಕ್ಕೇ. ಬ್ಯಾಗಿಗೂ ಒಂದು ದೊಡ್ಡ ಚಮಚ ಕೃಷಿ ಸುಣ್ಣ ಬೆರೆಸಿ. ಎಲೆ ಅಡಿಕೆಗೆ ಹಚ್ಚೋ ಸುಣ್ಣ ಬೇಡ, ಅದು ಬೇರನ್ನೇ ಸುಡುತ್ತೆ. ಕಾಫಿ ಚರಟನೂ ಕೇಳ್ತೀರಿ ಅಂತ ಗೊತ್ತು, ಕೊಡಗಲ್ವಾ! ಹಸಿ ಚರಟ ಬ್ಯಾಗ್ ಮೇಲೆ ಸುರಿದ್ರೆ ಹೆಪ್ಪುಗಟ್ಟಿ ನೀರು ಕೆಳಗೆ ಇಳಿಯೋಕೆ ಬಿಡಲ್ಲ. ತರಕಾರಿ ಸಿಪ್ಪೆ ಜೊತೆ ಗೊಬ್ಬರದ ಡಬ್ಬಿಗೆ ಹಾಕಿ, ಕಳಿತ ಮೇಲೆ ಬಳಸಿ.

ಈಗ ಇದನ್ನ ಹತ್ತಿರದಿಂದ ನೋಡಿ. ಬ್ಯಾಗಿನ ತಳದಲ್ಲಿ ತೂತು ಕಾಣ್ತಿದ್ಯಾ? ಬೆರಳು ತೂರುವಷ್ಟಿದೆ. ಅದರ ಮೇಲೆ ಒಡೆದ ಹೆಂಚಿನ ಚೂರು ಒಂದು, ಬೋರಲಾಗಿ. ಇಷ್ಟೇ ಸಾಕು. ತಳಕ್ಕೆ ಜಲ್ಲಿ ಹಾಸ್ಬೇಕು, ನೀರು ಬೇಗ ಇಳಿಯುತ್ತೆ ಅಂತ ತುಂಬಾ ಜನ ಹೇಳ್ತಾರೆ. ನಾನು ಒಪ್ಪಲ್ಲ. ನುಣ್ಣನೆ ಮಣ್ಣಲ್ಲಿರೋ ನೀರು, ಆ ಮಣ್ಣು ಪೂರ್ತಿ ತುಂಬಿ ತೊಟ್ಟಿಕ್ಕೋ ತನಕ ಜಲ್ಲಿಗೆ ಇಳಿಯೋದೇ ಇಲ್ಲ. ಜಲ್ಲಿ ಹಾಕಿದಷ್ಟೂ ಆ ಒದ್ದೆ ಪದರ ಮೇಲಕ್ಕೆ, ಬೇರಿನ ಹತ್ರಕ್ಕೇ ಬರುತ್ತೆ. ಅದರ ಬದಲು ಬ್ಯಾಗನ್ನ ಎರಡು ಇಟ್ಟಿಗೆ ಮೇಲೆ ಕೂರಿಸಿ, ಕೆಳಗೆ ಗಾಳಿ ಆಡ್ಲಿ.

ಇಳಿದ ನೀರು ಎಲ್ಲಿಗೆ ಹೋಗುತ್ತೆ ಅನ್ನೋದು ಇನ್ನೊಂದು ಕಥೆ. ಕೆಳಗಿನ ಮನೆ ಆಂಟಿ ಮೊದಲೇ ಹೇಳಿದ್ರು, "ತೋಟ ಮಾಡು ಮಗಳೇ, ಬೇಡ ಅನ್ನಲ್ಲ. ಕೆಂಪು ನೀರು ನನ್ನ ಬಿಳೀ ಬೆಡ್‌ಶೀಟ್ ಮೇಲೆ ಬೀಳ್ಬಾರ್ದು, ಆಯ್ತಾ?" ಹಾಗಾಗಿ ಕಂಬಿ ಕಡೆ ಬ್ಯಾಗ್ ಇಲ್ಲ. ಎಲ್ಲ ಒಳಗೆ, ನೀರು ಹೋಗೋ ಪೈಪ್ ಕಡೆ ಇಳಿಜಾರಲ್ಲಿ. ಮೊದಲ ಸೊಪ್ಪು ಆಂಟಿಗೇ ಅಂತ ಮಾತೂ ಕೊಟ್ಟಾಗಿದೆ.

ಏನೇನು ಹಾಕ್ದೆ ಅಂದ್ರೆ, ಮೊದಲು ಬೀನ್ಸ್. ಹೊಸಬರಿಗೆ ಇದಕ್ಕಿಂತ ಸುಲಭದ್ದಿಲ್ಲ. ಬಳ್ಳಿ ಬೇಡ, ಗಿಡದ ಜಾತಿ ತಗೊಳ್ಳಿ. ಹೆಸರಘಟ್ಟ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ಅಂಥದ್ದು. ಅದೇ ಸಂಸ್ಥೆಯ ಪ್ರಯೋಗ ಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲೂ ಇದೆ. ಬೀಜ ನೇರ ಬ್ಯಾಗಿಗೇ, ಒಂದಿಂಚು ಆಳಕ್ಕೆ. ಸುಮಾರು 50 ದಿನಕ್ಕೆ ಕಾಯಿ ಕೀಳಬಹುದು. ಮುಂದೆ ಪಾಲಕ್, ಮೆಂತ್ಯ, ಮೂಲಂಗಿ ಇದ್ದಿದ್ದೇ. ಕೊತ್ತಂಬರಿ ಬೀಜ ಮಾತ್ರ ಹಾಗೇ ಹಾಕ್ಬೇಡಿ, ಚಪಾತಿ ಲಟ್ಟಣಿಗೆಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ. ನೋಡಿ, ಟಕ್ ಅಂತ ಬಿರೀತು. ಈ ಒಂದು ಕಾಳಲ್ಲಿ ಎರಡು ಬೀಜ.

ಟೊಮೆಟೊಗೆ ಬಿಸಿಲು ದಿನಕ್ಕೆ ಆರು ಗಂಟೆಯಾದ್ರೂ ಬೇಕು, ಬಾಲ್ಕನಿಯ ಒಳ್ಳೇ ಮೂಲೆ ಅದಕ್ಕೇ. ತಳಿ ಅರ್ಕಾ ರಕ್ಷಕ್, ಎಲೆ ಮುರುಟು ರೋಗ, ಸೊರಗು ರೋಗ, ಬೇಗ ಬರೋ ಅಂಗಮಾರಿ, ಮೂರನ್ನೂ ತಡೆಯುತ್ತೆ. ಮಂಜಿನ ದಿನ ಬರೋ ಕೊನೇ ಅಂಗಮಾರಿ ಇದೆಯಲ್ಲ, ಎಲೆ ಮೇಲೆ ನೀರಲ್ಲಿ ಬೆಂದ ಹಾಗೆ ಕಪ್ಪು ಮಚ್ಚೆ, ಅದನ್ನ ತಡೆಯಲ್ಲ. ಅದಕ್ಕೆ ಕಾಫಿ ತೋಟದವರು ಹೊಡೆಯೋ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಕೆಲಸ ಮಾಡುತ್ತೆ, ಆದ್ರೆ ಅಡುಗೆಮನೆ ಕಿಟಕಿ ಪಕ್ಕ ಮೈಲುತುತ್ತ ಸಿಂಪಡಿಸೋಕೆ ನನಗೆ ಮನಸ್ಸಿಲ್ಲ. ಕೆಳಗಿನ ಎಲೆ ಕಿತ್ತು ಹಾಕಿ, ಗಿಡಗಳ ಮಧ್ಯೆ ಒಂದಡಿ ಬಿಟ್ಟು, ನೀರು ಬುಡಕ್ಕೆ ಮಾತ್ರ. ಹೂ ಬಿಟ್ಟಾಗ ಮಧ್ಯಾಹ್ನ ಗೊಂಚಲನ್ನ ಬೆರಳಲ್ಲಿ ತಟ್ಟಿ, ಪರಾಗ ಉದುರಿ ಕಾಯಿ ಕಚ್ಚುತ್ತೆ.

ನೆರಳಿನ ಮೂಲೆ ಗಾಂಧಾರಿ ಮೆಣಸಿಗೆ, ಅದೇ ಸೂಜಿ ಮೆಣಸಿನಕಾಯಿಗೆ. ತೋಟದಲ್ಲಿ ಹಕ್ಕಿ ಹಿಕ್ಕೆಯಿಂದ ತಾನಾಗೇ ಹುಟ್ಟಿ, ಮರದ ನೆರಳಲ್ಲೇ ಕಾಯಿ ಬಿಡೋ ಗಿಡ. ಒಂದು ಬ್ಯಾಗ್ ಇದ್ರೆ ಎರಡು ಮೂರು ವರ್ಷ ಮೆಣಸು ಕೊಳ್ಳೋದೇ ಬೇಡ. ಅಂಗಡೀಲಿ ಅದರ ರೇಟ್ ಕೇಳಿದವರಿಗೆ ಗೊತ್ತು.

ಮಾರ್ಚಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬರುತ್ತೆ, ಕಾಫಿಗೆ ಹಬ್ಬ. ಅದನ್ನ ನಂಬಿ ಬ್ಯಾಗಿಗೆ ನೀರು ಹಾಕೋದು ನಿಲ್ಲಿಸ್ಬೇಡಿ, ಸ್ಲ್ಯಾಬ್ ಕೆಳಗೆ ಒಂದು ಹನಿನೂ ಬೀಳಲ್ಲ. ಬೆರಳು ಎರಡು ಗೆಣ್ಣಿನಷ್ಟು ಮಣ್ಣಿಗೆ ತೂರಿಸಿ, ಒಣಗಿದ್ರೆ ಮಾತ್ರ ಹಾಕಿ.

ಮೇ ಕೊನೆಗೆ ಟೊಮೆಟೊ, ಬೀನ್ಸ್ ಕಿತ್ತು ತೆಗೀತೀನಿ. ಆಗ ಗಾಂಧಾರಿ ಜೊತೆ ಉಳಿಯೋದು ನೀರಿಗೆ ಹೆದರದವು: ಒಂದೆಲಗ, ಮತ್ತೆ ಒಂದು ಬ್ಯಾಗ್ ಕೆಂಬು, ಅಂದ್ರೆ ಕೆಸು. ಮಳೆಯಲ್ಲಿ ಬಸವನಹುಳು ಕಂಬಿ ಹತ್ತಿ ಬರುತ್ತೆ, ಉಪ್ಪು ಎರಚಿದ್ರೆ ಮಣ್ಣೇ ಹಾಳು. ರಾತ್ರಿ ಟಾರ್ಚ್ ಹಿಡ್ಕೊಂಡು ಕೈಗವಸಲ್ಲಿ ಹೆಕ್ಕೋದೇ ದಾರಿ. ಖಾಲಿ ಬ್ಯಾಗಿನ ಮಣ್ಣನ್ನ ಮಳೆ ಹಿಡಿಯೋ ಮೊದಲೇ ಒಣಗಿಸಿ ಚೀಲ ಕಟ್ಟಿಡಿ. ಯಾವ ಚೀಲದಲ್ಲಿ ಟೊಮೆಟೊ ಇತ್ತು ಅಂತ ಮಾರ್ಕರಲ್ಲಿ ಬರೀರಿ. ಮುಂದಿನ ಅಕ್ಟೋಬರಲ್ಲಿ ಆ ಮಣ್ಣಿಗೆ ಟೊಮೆಟೊ, ಮೆಣಸು, ಬದನೆ ಬೇಡ. ಬೀನ್ಸ್ ಹಾಕಿ.